ಮೂತಿ ಕೊಯ್ದ ದೋಣಿ

ಆ ದೂರನ್ನು ಟೈಪ್ ಮಾಡಿದವನು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನಾಲಗೆ ಹೊರಳುವುದಿಲ್ಲ.

ನನ್ನ ಹೆಸರು ಗುರುಪಾದ. ಗೋಕಾಕ ಕೋರ್ಟಿನ ಎದುರು ನನ್ನದೊಂದು ಟೈಪಿಂಗ್ ಅಂಗಡಿ. ಪಕ್ಕದ ಕೋಣೆಯಲ್ಲಿ ವಕೀಲೆ ಆಮ್ರಪಾಲಿ ಕೂರುತ್ತಾರೆ, ಕೌಜಲಗಿಯವರು. ಬೇರೆಯವರು ಕೈಬಿಟ್ಟ ಎಷ್ಟೋ ಗಂಟುಗಳನ್ನು ಅವರು ಬಿಚ್ಚಿದ್ದನ್ನು ಹನ್ನೊಂದು ವರ್ಷದಿಂದ ನೋಡುತ್ತ ಬಂದಿದ್ದೇನೆ. ಅವರ ಹಿಂದೆ ಬಾಲದ ಹಾಗೆ ಅಲೆಯುವುದೆಂದರೆ ನನಗೆ ಇಷ್ಟ.

ಆ ಶುಕ್ರವಾರ ಬೆಳಿಗ್ಗೆ ಗೊಂಬೆ ಮಾಡುವ ಸಿದ್ರಾಯನ ಮಗ ಮಾಯಪ್ಪ ಕೆಂಡಾಮಂಡಲವಾಗಿ ಬಂದ. ಅವರ ಹಿತ್ತಲ ಕಾರ್ಖಾನೆಯಲ್ಲಿ ಎಂಟು ತಿಂಗಳು ಕೂತು ಕಟ್ಟಿದ ಮರದ ಓಟದ ದೋಣಿಯ ಮೂತಿಯನ್ನು ಯಾರೋ ಗರಗಸದಿಂದ ಕೊಯ್ದು ಹಾಕಿದ್ದರು. ಭಾನುವಾರ ಹಿಡಕಲ್ ಹಿನ್ನೀರಿನಲ್ಲಿ ಓಟ. ಹುಟ್ಟು ಹಾಕಬೇಕಾದವಳು ಅವನ ತಂಗಿ ಶಿವಾನಿ.

"ಬರೀರಿ ಗುರುಪಾದಣ್ಣಾರ, ಬೆಲ್ಲದ ಬಾಗೇವಾಡಿ ಸುಶಾಂತನ ಹೆಸರು ಬರೀರಿ" ಅಂದ.

ಸುಶಾಂತ ಐಟಿಐಯಲ್ಲಿ ಬಡಗಿ ಕೆಲಸ ಕಲಿಸುವ ಮಾಸ್ತರ. ದೋಣಿಯ ನಕ್ಷೆ ಅವನದು, ಕೈ ಸಿದ್ರಾಯನದು. ಕಾರ್ಖಾನೆಯ ಎರಡನೇ ಚಾವಿ ಅವನ ಬಳಿ ಇತ್ತು. ದೋಣಿಯ ಮೇಲೆ ತಮ್ಮ ಮನೆತನದ ಹೆಸರೊಂದೇ ಇರಬೇಕೆಂದು ಗುರುವಾರ ಮಧ್ಯಾಹ್ನ ಮಾಯಪ್ಪ ಹಟ ಹಿಡಿದಾಗ ಸುಶಾಂತ ಸಿಟ್ಟಿನಿಂದ ಎದ್ದು ಹೋಗಿದ್ದ. ಮಾಯಪ್ಪನಿಗೆ ಇಷ್ಟೇ ಸಾಕಾಯಿತು. ನನಗೂ ಸಾಕಾಯಿತು ಎನ್ನುವುದು ನನ್ನ ದುಃಖ. ಸುಶಾಂತ ದಿನಾ ನನ್ನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ, ಬಾಯಿತುಂಬ ಕಾಕಾ ಅನ್ನುತ್ತಿದ್ದ. ಆದರೂ ಬೇರೆ ಕೇರಿಯ ಹುಡುಗ, ಮಾಡಿದರೂ ಮಾಡಿದ್ದಾನು ಎಂಬ ಮಾತು ಮನಸ್ಸಿನಲ್ಲಿ ಸುಳಿಯಿತು. ದಿನಾ ಬೆಳಿಗ್ಗೆ ವಚನ ಹೇಳುವ ಬಾಯಿ ನನ್ನದು. ಒಂದು ಪ್ರಶ್ನೆಯನ್ನೂ ಕೇಳದೆ ಟೈಪ್ ಮಾಡಿಕೊಟ್ಟೆ.

ಅರ್ಧ ತಾಸಿನಲ್ಲಿ ಶಿವಾನಿ ಆಮ್ರಪಾಲಿಯವರ ಕೋಣೆಗೆ ಓಡಿ ಬಂದಳು.

"ಅಕ್ಕಾರ, ನಮ್ಮಣ್ಣ ಸಂಜಿಕ ಠಾಣೆಗೆ ದೂರು ಕೊಡ್ತಾನಂತ್ರಿ. ಮುಂದಿನ ವಾರ ಸುಶಾಂತಣ್ಣನ ನೌಕರಿ ಕಾಯಂ ಆಗೂದೈತಿ. ಈಗ ಕೇಸ್ ಆದ್ರ ಅವನ ಜೀವನ ಹಾಳಾಗತೈತ್ರಿ!"

"ನಿಮ್ಮಪ್ಪ ಏನಂತಾರ?"

"ಏನೂ ಅನವಲ್ರು. ಮುಂಜಾನಿಂದ ಒಂದು ತುತ್ತು ಉಂಡಿಲ್ರಿ."

ಆಮ್ರಪಾಲಿ ನನ್ನ ಕಡೆ ತಿರುಗಿದರು. "ದೂರು ನೀವ ಟೈಪ್ ಮಾಡಿದ್ರೇನ್ರಿ?"

ಹೌದೆಂದು ತಲೆಯಾಡಿಸಿದೆ. ಅವರು ಎದ್ದು ಆಟೋ ಕರೆದರು.

ಕಾರ್ಖಾನೆಯ ಗೋಡೆ ತುಂಬ ಮರದ ಮಾವು, ಬಾಳೆ, ಸೀತಾಫಲ. ನಡುವೆ ಹದಿನೆಂಟು ಅಡಿಯ ಕೆಂಪು ದೋಣಿ ಮರದ ಸ್ಟ್ಯಾಂಡುಗಳ ಮೇಲೆ ಮಲಗಿತ್ತು. ಮೊಳದುದ್ದದ ಮೂತಿ ಕೆಳಗೆ ಬಿದ್ದಿತ್ತು. ಸಿದ್ರಾಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ, ತಲೆ ಎತ್ತಲಿಲ್ಲ.

ಮುಂಬಾಗಿಲ ಕೀಲಿ ನೆಟ್ಟಗಿತ್ತು. ಹಿಂಬಾಗಿಲ ಅಗಳಿ ಒಳಗಿನಿಂದ ತೆಗೆದಿತ್ತು. ಕೊಯ್ತ ಗೆರೆ ಎಳೆದಷ್ಟು ನೇರ. ಆಮ್ರಪಾಲಿ ನೆಲ ನೋಡಿದರು.

"ಕಸ ಯಾರು ಹೊಡದ್ರು?"

"ಯಾರೂ ಇಲ್ರಿ, ನಾವು ನೋಡಿದಾಗ ಹಿಂಗ ಇತ್ತು" ಅಂದಳು ಶಿವಾನಿ.

ಒಂದು ಡಬ್ಬಿಯಲ್ಲಿ ಕೆಂಪು ಬಣ್ಣ ಬೆರೆತ ಹೊಸ ಮರದ ಹೊಟ್ಟು ಇತ್ತು. ಅದರ ಪಕ್ಕದಲ್ಲಿ ರೆಸಿನ್ ಅಂಟಿನ ಬಾಟಲಿಗಳು, ಎಲ್ಲ ಖಾಲಿ. ಆಚೆ ಗೊಂಬೆ ಕೂಡಿಸುವ ಹುಣಸೆ ಬೀಜದ ಅಂಟಿನ ಗಡಿಗೆ. ಕೊಯ್ದ ಮೂತಿಯ ಅಂಚಿನಲ್ಲಿ ಇರುವೆಗಳು ಮುತ್ತಿದ್ದವು. ದೋಣಿಯ ಉಳಿದ ಮೈಮೇಲೆ ಒಂದೂ ಇರಲಿಲ್ಲ.

"ಶಿವಾನಿ, ಒಂದು ಬಕೇಟು ಬಿಸಿನೀರು ತಾ" ಅಂದು ಆಮ್ರಪಾಲಿ ಆ ಮೂತಿಯನ್ನು ಅದರಲ್ಲಿ ಮುಳುಗಿಸಿಟ್ಟರು. "ಮಾಯಪ್ಪನ್ನ, ಸುಶಾಂತನ್ನ ಕರೀರಿ. ಅವರು ಬರೂತನ ಇದನ್ನ ಯಾರೂ ಮುಟ್ಟಬ್ಯಾಡ್ರಿ."

ಅವರಿಬ್ಬರೂ ಬರಲು ಎರಡು ತಾಸು ಹಿಡಿಯಿತು. ಮಾಯಪ್ಪನ ಜೇಬಿನಿಂದ ಮಡಚಿದ ದೂರು ಇಣುಕುತ್ತಿತ್ತು. ಸುಶಾಂತ ಬಾಗಿಲಲ್ಲೇ ನಿಂತ. ನಾನು ಅವನ ಮುಖ ನೋಡಲಿಲ್ಲ.

"ಮೊದಲ ಬಾಗಲಾ ನೋಡ್ರಿ" ಅಂದರು ಆಮ್ರಪಾಲಿ. "ಅಗಳಿ ಒಳಗಿಂದ ತಗದೈತಿ, ಒಂದು ಗೀರೂ ಬಿದ್ದಿಲ್ಲ. ಹೊರಗಿನ ಕಳ್ಳ ಬಂದಿದ್ದ ಅನಿಸಾಕ ಒಳಗಿದ್ದವರು ಯಾರೋ ತಗದಿಟ್ಟಾರ."

"ಚಾವಿ ಇದ್ದಾವನೂ ಒಳಗ ಬರಬಹುದಲ್ರಿ?" ಅಂದ ಮಾಯಪ್ಪ.

"ಬರಬಹುದು. ಆದ್ರ ಸಿಟ್ಟಿಲೆ ಮುರಿಯಾಂವ ಗೆರಿ ಎಳದು ಕೊಯ್ಯಂಗಿಲ್ಲ. ಕೊಯ್ದ ಹೊಟ್ಟು ಬಳದು ಡಬ್ಬಿಗೂ ತುಂಬಂಗಿಲ್ಲ. ಐವತ್ತು ವರ್ಷ ಇದ ಕೆಲಸ ಮಾಡಿದ ಕೈ, ರೂಢಿ ಮ್ಯಾಲೆ, ತನಗ ಗೊತ್ತಿಲ್ಲದ, ಅಷ್ಟೂ ಮಾಡಿ ಮುಗಿಸತೈತಿ."

ಎಲ್ಲರೂ ಸಿದ್ರಾಯನ ಕಡೆ ನೋಡಿದೆವು.

"ಅಪ್ಪ ಯಾಕ ಕೊಯ್ತಾನ್ರಿ? ಹುಚ್ಚೇನು?" ಅಂದ ಮಾಯಪ್ಪ.

"ಅದನ್ನ ಇರುವಿ ಹೇಳಿದ್ವು. ರೆಸಿನ್ನಿಗೆ ಇರುವಿ ಬರಂಗಿಲ್ಲ. ಹುಣಸಿ ಬೀಜದ ಅಂಟಿಗೆ ಬರ್ತಾವ. ಆ ಅಂಟು ನೀರಾಗ ನಿಲ್ಲಂಗಿಲ್ಲ, ರೆಸಿನ್ ನಿಲ್ಲತೈತಿ." ಆಮ್ರಪಾಲಿ ಬಕೇಟಿಗೆ ಕೈಹಾಕಿ ಮೂತಿಯನ್ನು ಎತ್ತಿದರು. ಅದು ಇಡಿಯಾಗಿ ಬರಲಿಲ್ಲ. ಮೂರು ಪಟ್ಟಿಗಳು ಕಳಚಿ ನೀರಿಗೆ ಬಿದ್ದವು. ನೀರು ಕಂದು ಬಣ್ಣಕ್ಕೆ ತಿರುಗಿತ್ತು. ಶಿವಾನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಿದ್ರಾಯ ಕೂತಲ್ಲಿಂದಲೇ ಮಾತಾಡಿದ.

"ಇಂವ ಸಿಟ್ಟಾಗಿ ಹ್ವಾದ ಮ್ಯಾಲೆ ಒಬ್ಬನ ಕುಂತೆ. ಮೂತಿದು ಮೂರು ಸಂದು ಅಂಟಿಸೂದು ಉಳದಿತ್ತು, ರೆಸಿನ್ ಬಾಟ್ಲಿ ತೀರಿತ್ತು. ಕೈ ತಾನ ಗಡಗಿಗೆ ಹೋತು. ಬಣ್ಣ ಹಚ್ಚಿ ಮುಗಿಸಿ ಕೈ ತೊಳಿಯೂ ಮುಂದ ಅಂಟು ನೀರಾಗ ಹರದು ಹೋತ್ರಿ. ಭಾನುವಾರ ಮೂತಿ ಬಿಚ್ಚಿ ಹೋಗೂ ಮುಂದ ನನ್ನ ಕೂಸು ನಟ್ಟನಡು ಹಿನ್ನೀರಾಗ ಇರ್ತಿತ್ತು."

"ಅಷ್ಟು ಹೇಳಾಕ ಏನಾಗಿತ್ತಪಾ ನಿನಗ?" ಮಾಯಪ್ಪನ ದನಿ ಒಡೆಯಿತು.

"ನೀರಿನ ಕೆಲಸಕ್ಕ ಹುಣಸಿ ಅಂಟು ಬ್ಯಾಡಂತ ಸುಶಾಂತ ನೂರು ಸಲ ಹೇಳಿದ್ದ. ನೀ ಹುಟ್ಟೂಕಿಂತ ಮೊದಲ ಹಚ್ಚಾಕತ್ತೇನಿ ಅಂತ ನಾ ನಕ್ಕಿದ್ದೆ. ಇವನ ಮುಂದ ಸೋಲಾಕ ಮನಸ್ಸಾಗಲಿಲ್ಲ. ಬೆಳಕು ಹರಿಯೂಕಿಂತ ಮೊದಲ ಕೊಯ್ದು, ಕಳ್ಳ ಬಂದಿದ್ದ ಅನ್ಕೊಳ್ಳಿ ಅಂತ ಅಗಳಿ ತಗದೆ. ನೀ ಇವನ ಹೆಸರು ತಗೊಂಡಿ. ಕೊಯ್ಯಾಕ ಕೈ ಬಂತು, ಆದ್ರ ಆವಾಗ ಖರೇ ಹೇಳಾಕ ಬಾಯಿ ಬರಲಿಲ್ಲೋ."

ಸುಶಾಂತ ಒಳಗೆ ಬಂದು ಮೂರು ಪಟ್ಟಿಗಳನ್ನೂ ನೀರಿನಿಂದ ತೆಗೆದು, ಒರೆಸಿ, ದೋಣಿಯ ಪಕ್ಕ ಇಟ್ಟ.

"ಒಂದು ಫೋನ್ ಮಾಡಿದ್ರ ಸಾಕಿತ್ತಲ್ರಿ ಕಾಕಾ. ಬಿಚ್ಚಿ ಮತ್ತ ಹಚ್ಚತಿದ್ವಿ. ಓಟ ಮುಂದಿನ ವರ್ಷಾನೂ ಇರ್ತಿತ್ತು" ಅಂದ. ಜೇಬಿನಿಂದ ಚಾವಿ ತೆಗೆದು ಪಟ್ಟಿಗಳ ಮೇಲಿಟ್ಟು ಹೊರಟು ಹೋದ. ಮಾಯಪ್ಪ ಆಮೇಲೆ ದೂರನ್ನು ಹರಿದು ಹಾಕಿದ, ಅದನ್ನು ನೋಡಲು ಸುಶಾಂತ ನಿಂತಿರಲಿಲ್ಲ.

ಮರಳುವಾಗ ಆಟೋದಲ್ಲಿ ನಾನು ಕೇಳಿದೆ: "ಇರುವಿ ಕಂಡ ಕೂಡಲೆ ಗೊತ್ತಾತ್ರಿ?"

"ಅದಕ್ಕೂ ಮೊದಲ ಸಂಶಯ ಬಂದಿತ್ತು. ಮಾಲು ಕಳಕೊಂಡಾಂವ ಬೈತಾನ, ಅಳ್ತಾನ. ಸಿದ್ರಾಯ ಮಾತೂ ಆಡವಲ್ಲ, ಉಣ್ಣವಲ್ಲ ಅಂದ್ರ ಗಂಟಲಾಗ ಬ್ಯಾರೆ ಏನೋ ಸಿಕ್ಕೈತಿ ಅನಿಸ್ತು." ಆಮೇಲೆ ನನ್ನ ಕಡೆ ತಿರುಗಿ ಅಂದರು: "ಟೈಪ್ ಮಾಡೂ ಮುಂದ ನಿಮಗ ಒಂದ ಮಾತು ಕೇಳಬೇಕು ಅನಿಸಲಿಲ್ಲೇನ್ರಿ?"

ಅಂಗಡಿ ಬಂದಿತು, ನಾನು ಇಳಿದು ಆಟೋದ ಬಾಡಿಗೆ ಕೊಟ್ಟೆ.

ಹತ್ತು ದಿನ ಕಳೆದ ಮೇಲೆ ಸಿದ್ರಾಯ ಆ ಚಾವಿಯನ್ನು ನನ್ನ ಕೈಗಿಟ್ಟು, "ನಂಗ ಮುಖ ಇಲ್ಲ, ನೀವ ಕೊಟ್ಟು ಬರ್ರಿ" ಅಂದ. ನನಗೆ ಮುಖ ಇದೆಯೆಂದು ಅವನು ತಿಳಿದಿದ್ದ. ಬಸ್ ಹಿಡಿದು ಬೆಲ್ಲದ ಬಾಗೇವಾಡಿಗೆ ಹೋದೆ. ಸುಶಾಂತ ಕುರ್ಚಿ ಹಾಕಿ ಕೂರಿಸಿದ. ನೌಕರಿ ಕಾಯಂ ಆಗಿತ್ತು. ಅವನ ತಾಯಿ ಉದ್ದವ್ವ ಚಹಾ ತಂದುಕೊಟ್ಟಳು.

ಚಾವಿಯನ್ನು ಮುಂದೆ ಚಾಚಿ, "ಆ ದೂರು ನಾನ ಟೈಪ್ ಮಾಡಿದ್ದೆ, ತಪ್ಪಾತು" ಅಂದೆ.

"ಗೊತ್ತೈತ್ರಿ" ಅಂದ ಅವನು. ಸಿಟ್ಟು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಚಾವಿ ನಿಮ್ಮ ಕಡೇನ ಇರಲಿ, ಸರ್. ಚಹಾ ಆರತೈತಿ, ಕುಡೀರಿ ಸರ್."

ಆರು ವರ್ಷ ನನ್ನನ್ನು ಅವನು ಕಾಕಾ ಅಂದಿದ್ದ. ನಾನು ಚಹಾ ಕುಡಿದು, ಚಾವಿ ಜೇಬಿಗೆ ಹಾಕಿಕೊಂಡು ಎದ್ದೆ.