ಒಂಬತ್ತನೇ ಕೋಟೆಯ ಆನೆ

"ನನ್ ರಾಜ್ಯನೇ ಕದ್ಬುಟ್ಟವ್ರೆ, ಮೇಷ್ಟ್ರೇ!"

ಗುಂಡ್ಲುಪೇಟೆಯಿಂದ ಮೊದಲ ಬಸ್ಸಿಗೇ ಚಾಮರಾಜನಗರಕ್ಕೆ ಬಂದ ತೇಜಸ್ವಿನಿ, ಕಳ್ಳತನ ಪತ್ತೆ ಹಚ್ಚುವುದರಲ್ಲಿ ಹೆಸರಾದ ನಿವೃತ್ತ ಮೇಷ್ಟ್ರು ಶಾಂತಮಲ್ಲಪ್ಪನವರ ಮುಂದೆ ನಿಂತಿದ್ದಳು. ಪಕ್ಕದಲ್ಲಿದ್ದ ಅವರ ಸಹಾಯಕ ಸೋಮಯ್ಯನ ಕಡೆ ತಿರುಗಿಯೂ ನೋಡಲಿಲ್ಲ. ಹದಿನೈದು ವರ್ಷದಿಂದ ಹೀಗೇ. ಕಳ್ಳರ ಹಿಂದೆ ಓಡುವವನು ಸೋಮಯ್ಯ, ಹೆಸರು ಮೇಷ್ಟ್ರದು. ಒಬ್ಬ ಕಳ್ಳನನ್ನಾದರೂ ಅವರಿಗಿಂತ ಮೊದಲು ಹಿಡಿಯಬೇಕೆಂದು ಅವನ ಹೊಟ್ಟೆ ಉರಿಯುತ್ತಿತ್ತು.

ಕಳುವಾಗಿದ್ದು ಅವಳು ಆಡಿದಷ್ಟನ್ನು ಉಳಿಸಿಟ್ಟಿದ್ದ ಕಂಪ್ಯೂಟರ್ ಆಟದ ಫೈಲು. 'ಪಾಳೇಗಾರ' ಆಟವನ್ನು ಮೊದಲು ಗೆದ್ದ ಶರತ್‌ನ ಹೆಸರು ೨೦೦೨ರಿಂದ ಗುಂಡ್ಲುಪೇಟೆಯ ಸೈಬರ್ ಅಂಗಡಿಯ ಬೋರ್ಡಿನ ಮೇಲಿತ್ತು. ಈಗ ಎರಡನೇ ಭಾಗ ಬಂದು, ಭಾನುವಾರ ಎಲ್ಲರೆದುರು ಅದನ್ನು ಗೆದ್ದವರ ಹೆಸರು ಬೋರ್ಡಿಗೇರಬೇಕಿತ್ತು.

"ಗುರುವಾರ ಸಂಜೆ ಒಂಬತ್ತನೇ ಕೋಟೆ ಮುಟ್ದೆ. ಅಲ್ಲಿ ಸಿಕ್ಕಿದ ಆನೆಗೆ ಮಾದಮ್ಮ ಅಂತ ಹೆಸ್ರಿಟ್ಟು ಮನೆಗೋದೆ. ಯಾರ್ಗೂ ಹೇಳಿಲ್ಲ. ನೆನ್ನೆ ನೋಡುದ್ರೆ ಫೈಲೇ ಇಲ್ಲ."

"ಮಾದಮ್ಮ ಯಾರಮ್ಮ?" ಎಂದರು ಮೇಷ್ಟ್ರು.

"ನಮ್ಮಜ್ಜಿ. ನಮ್ಮೂರ್ ಬಸ್ ಸ್ಟ್ಯಾಂಡಲ್ಲಿ ಹೂ ಮಾರ್ತಾರಲ್ಲ, ಅವ್ರೇ. ಊರ್ಗೆಲ್ಲ ಗೊತ್ತು."

ಅಂಗಡಿಗೆ ಕಾಲಿಟ್ಟದ್ದೇ ಸೋಮಯ್ಯ ಮಾಲೀಕ ಮಹದೇವಪ್ರಸಾದ್‌ನ ಮೇಲೆ ಹರಿಹಾಯ್ದ. "ನೀನೇ ಕಣ್ಲಾ! ಕಂಪ್ಯೂಟರು ನಿಂದು, ಬೀಗ ನಿಂದು!"

"ಸುಮ್ನಿರಪ್ಪ," ಎಂದರು ಮೇಷ್ಟ್ರು. "ಈ ಎರಡನೇ ಭಾಗ ನಾನೂ ಕೊಳ್ಳೋಣ ಅಂತಿದೀನಿ. ಒಳ್ಳೇದೇನು, ಕೆಟ್ಟದ್ದೇನು?"

"ಚಿತ್ರ ಬಲು ಚೆಂದ ಸಾರ್. ಮಳೆ ಬಂದ್ರೆ ಕುದ್ರೆ ಕೆಸ್ರಲ್ಲಿ ಜಾರ್ತವೆ. ಆದ್ರೆ ಆಟ ಭಾರ, ನನ್ ಕಂಪ್ಯೂಟ್ರು ನಡುವೆ ನಿಂತೋಯ್ತವೆ," ಎಂದ ಮಾಲೀಕ.

ಅಲ್ಲೇ ಕೂತಿದ್ದ ಶರತ್ ಮೂಗು ಮುರಿದ. "ನಾನ್ ಅದ್ನ ಮುಟ್ಟೇ ಇಲ್ಲ. ಮೊದಲ್ನೇದ್ರಲ್ಲಿ ಕೋಟೆಗೆ ನೀರು ನಿಲ್ಸುದ್ರೆ ಶತ್ರು ಶರಣಾಗ್ತಿದ್ದ, ಬುದ್ಧಿ ಬೇಕಿತ್ತು. ಇದ್ರಲ್ಲಿ ಯಾರ್ಗೂ ಬಾಯಾರ್ಕೆನೇ ಇಲ್ಲ. ಶತ್ರು ದಿನಾ ಅದೇ ಬಾಗ್ಲಿಗೆ ಬಂದು ಸಾಯ್ತಾನೆ. ಆನೆಗೆ ಅಜ್ಜಿ ಹೆಸ್ರಿಟ್ಟು ಮುದ್ದು ಮಾಡಕ್ಕೆ ಇದೇನು ಗೊಂಬೆಯಾಟನಾ?"

ಸೋಮಯ್ಯ ಹೌದೌದೆಂದು ತಲೆಯಾಡಿಸಿದ. ಮೇಷ್ಟ್ರು ಎಲ್ಲರನ್ನೂ ಸುತ್ತ ಕೂರಿಸಿದರು.

"ಬಾಯಾರಿಕೆ ಇಲ್ಲ ಅನ್ನೋದನ್ನ ಯಾರೋ ಹೇಳಿರಬಹುದು ಶರತ್. ಆನೆಗೆ ಹೆಸರಿಡಬಹುದು ಅನ್ನೋದನ್ನ ನೆಟ್ಟಲ್ಲಿ ಓದಿರಬಹುದು. ಆದರೆ ಅಜ್ಜಿ ಹೆಸರು? ತೇಜಸ್ವಿನಿ ಹೇಳಿದ್ದು ನಮ್ಮಿಬ್ಬರಿಗೆ. ಅದು ಬಿಟ್ಟರೆ ಆ ಹೆಸರಿದ್ದದ್ದು ಕಳುವಾದ ಫೈಲಿನೊಳಗೆ ಮಾತ್ರ. ಮಹದೇವಪ್ರಸಾದ್‌ಗೆ ಯಾರು ಗೆದ್ದರೂ ಒಂದೇ. ಬೋರ್ಡಿನ ಮೇಲೆ ಹೆಸರಿರೋದು ನಿನ್ನದು."

ಶರತ್ ತಲೆ ತಗ್ಗಿಸಿ ಜೇಬಿನಿಂದ ಪೆನ್‌ಡ್ರೈವ್ ತೆಗೆದ. "ಅಳ್ಸಕ್ಕೆ ಮನ್ಸು ಬರ್ಲಿಲ್ಲ, ಇದ್ಕೆ ಹಾಕೊಂಡೆ. ಮನೇಲಿ ಎಷ್ಟ್ ಸಲ ಆಡುದ್ರೂ ಆ ಆನೆ ಕಂದಕ ದಾಟ್ನಿಲ್ಲ, ಸಾರ್."

ಭಾನುವಾರ ಅಂಗಡಿ ತುಂಬ ಜನ. ತೇಜಸ್ವಿನಿ ಆನೆಯನ್ನು ಹಿಂದಿನಿಂದ ಅಟ್ಟಲಿಲ್ಲ. ಆಚೆ ದಡದಲ್ಲಿ ಮಾವುತನನ್ನು ನಿಲ್ಲಿಸಿ 'ಮಾದಮ್ಮ' ಎಂಬ ಹೆಸರನ್ನು ಒತ್ತಿದಳು. ಕರೆದದ್ದೇ ತಡ, ಆನೆ ಕಂದಕಕ್ಕಿಳಿದು ದಾಟಿತು, ಕೋಟೆ ಬಿತ್ತು. ಗೊಂಬೆಯಾಟವೆಂದು ಶರತ್ ಹಳಿದದ್ದೇ ಆಟದ ಕೀಲಿಯಾಗಿತ್ತು.

ಬೋರ್ಡಿನ ಮೇಲಿದ್ದ ತನ್ನ ಹೆಸರನ್ನು ಶರತ್ ತಾನೇ ಒರೆಸಿ ಮೂಲೆಗೆ ಹೋಗಿ ಕೂತ. ಜನ ತೇಜಸ್ವಿನಿಯನ್ನೂ ಮೇಷ್ಟ್ರನ್ನೂ ಮುತ್ತಿಕೊಂಡರು.

ಸೋಮಯ್ಯ ಕಾಫಿ ಲೋಟ ಹಿಡಿದು ಶರತ್‌ನ ಪಕ್ಕಕ್ಕೆ ಸರಿದ.

"ನಿಂದು ಮೂರೇ ದಿನದ ಉರಿ," ಎಂದ. "ನಂದು ಹದಿನೈದು ವರ್ಷ ಕಣ್ಲಾ. ತಕೋ, ಕುಡಿ."