ಕಿಟಕಿಯ ಮೇಲಿನ ಎರಡು ಲೋಟ

"ಏನ್ ವೆಂಕಟಪ್ಪ, ಎಕ್ಸ್‌ರೇನ ಮತ್ತೆ ಉಲ್ಟಾ ಹಾಕಿದೀಯಲ್ಲಯ್ಯ!" ಡಾಕ್ಟರು ರೇಗಿದರು.

"ಸರಿಯಾಗೇ ಹಾಕಿದೀನಿ ಸಾರ್. ಬೇಕಾದ್ರೆ ಮೂಲೇಲಿರೋ ಎಡ-ಬಲದ ಅಕ್ಷರ ನೋಡಿ," ಎಂದ ಕಾಂಪೌಂಡರ್.

ದೀಪದ ಪೆಟ್ಟಿಗೆಯ ಮೇಲೆ ಗೋದಾಳ ಪಕ್ಕೆಲುಬುಗಳು ಬೆಳ್ಳಗೆ ಕಾಣುತ್ತಿದ್ದವು. ಅವಳು ಕೆಮ್ಮು ತಡೆದುಕೊಂಡು ಕೂತಿದ್ದಳು. ಈಗ ಕೆಮ್ಮಿದರೆ ಡಾಕ್ಟರು ಟಿ.ಬಿ. ಅಂತ ಬರೆದುಬಿಟ್ಟರೆ?

ಐದನೇ ಕ್ಲಾಸಿನಲ್ಲಿ ಅವಳೀಗ ಕೊನೇ ಬೆಂಚಿನಲ್ಲಿ ಒಬ್ಬಳೇ. "ಟೀಬಿ ಗೋದಾ, ಮುಟ್ಟಬೇಡ್ರೇ!" ಎಂದು ಗೆಳತಿಯರು ಕುಂಟೆಬಿಲ್ಲೆಗೂ ಸೇರಿಸಿಕೊಳ್ಳುತ್ತಿರಲಿಲ್ಲ.

ಅದಕ್ಕಿಂತ ಚುಚ್ಚಿದ್ದು ಲೋಟ. ಚಾಮರಾಜಪೇಟೆಯ ಅವರ ಮನೆಯಲ್ಲಿ ಹಿತ್ತಲ ಕಿಟಕಿಯ ಕಲ್ಲಿನ ಮೇಲೆ ಮೊದಲಿನಿಂದಲೂ ಒಂದೇ ಲೋಟ. ಅದು ಅಪ್ಪನ ಅಕ್ಕ ವಿಶಾಲು ಅತ್ತೆಯದು. ಅತ್ತೆ ಚಿಕ್ಕಂದಿನಿಂದ ಕೆಮ್ಮುತ್ತಿದ್ದಳು. ಅವಳ ತಟ್ಟೆ ಬೇರೆ, ಲೋಟ ಬೇರೆ. ಮದುವೆಯೂ ಆಗಿರಲಿಲ್ಲ. ಹೋದ ವಾರ ಅಮ್ಮ ಅದರ ಪಕ್ಕ ಇನ್ನೊಂದು ಲೋಟ ಇಟ್ಟಳು. ಗೋದಾಳ ನಾಮಕರಣಕ್ಕೆ ಅವೆನ್ಯೂ ರಸ್ತೆಯಿಂದ ತಂದದ್ದು. ಆಗೆಲ್ಲ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತಿದ್ದರು. ಅದರ ಮೇಲೆ 'ಗೋದಾ' ಎಂದಿತ್ತು. ಅತ್ತೆಯದರ ಮೇಲೆ ಹೆಸರಿರಲಿಲ್ಲ. ಯಾರೂ ಮುಟ್ಟದ ಲೋಟಕ್ಕೆ ಹೆಸರೇಕೆ?

ಡಾಕ್ಟರು ಅವಳ ಎದೆಯ ಎಡಕ್ಕೆ ಸ್ಟೆತಾಸ್ಕೋಪ್ ಇಟ್ಟರು. ಹುಬ್ಬು ಗಂಟಿಕ್ಕಿದರು. ಬಲಕ್ಕೆ ಇಟ್ಟರು.

"ಎಲಾ ಕಳ್ಳಿ, ಇಲ್ಲಿ ಬಚ್ಚಿಟ್ಟಿದೀಯಾ? ನಿನ್ನ ಹೃದಯ ಬಲಗಡೆ ಇದೆಯಲ್ಲೇ!"

"ತಪ್ಪಾ ಡಾಕ್ಟರ್?"

"ತಪ್ಪೇನು? ಎಡಗೈಲಿ ಬರೆಯೋರಿಲ್ವಾ! ಆದ್ರೆ ಜೊತೇಲಿ ಇನ್ನೊಂದು ಬಂದಿದೆ. ಶ್ವಾಸಕೋಶದೊಳಗೆ ಸಣ್ಣ ಸಣ್ಣ ಕೂದಲು ಇರ್ತವೆ, ಪೊರಕೆ ಥರ ಕಫ ಗುಡಿಸೋಕೆ. ನಿನ್ನ ಪೊರಕೆಗಳು ಹುಟ್ಟಾ ಸೋಮಾರಿಗಳು. ಕಫದ ಟೆಸ್ಟಲ್ಲೂ ಟಿ.ಬಿ. ಇಲ್ಲ. ಇದು ಅಂಟೋದಲ್ಲ, ಮನೆತನದಲ್ಲಿ ಬರೋದು. ಮನೇಲಿ ಇನ್ಯಾರಿಗಾದ್ರೂ ಹೀಗೆ ಕೆಮ್ಮಿದೆಯಾ?"

ಗೋದಾ ಬಾಗಿಲ ಕಡೆ ನೋಡಿದಳು. ಅವಳನ್ನು ಕರೆತಂದಿದ್ದ ಅತ್ತೆ ಹೊಸ್ತಿಲಾಚೆಯೇ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು.

"ಒಳಗೆ ಬನ್ನಿ ಅಮ್ಮ."

"ಬೇಡಿ ಡಾಕ್ಟ್ರೇ. ನಂದು ಹಳೇ ಕೆಮ್ಮು."

"ಅದಕ್ಕೇ ಬನ್ನಿ ಅಂದಿದ್ದು."

ಅತ್ತೆಯ ಹೃದಯವೂ ಬಲಗಡೆಯೇ ಬಡಿಯುತ್ತಿತ್ತು!

"ಇವಳ ಅಪ್ಪ ಅಮ್ಮ ಸಂಬಂಧದಲ್ಲೇ ಮದುವೆಯಾ?"

"ಹೌದು. ನಮ್ಮ ದೊಡ್ಡಕ್ಕನ ಮಗಳನ್ನೇ ತಮ್ಮನಿಗೆ ತಂದ್ಕೊಂಡಿದ್ದು. ನಮ್ಮಪ್ಪ ಅಮ್ಮಂದೂ ಹಾಗೇ."

ಡಾಕ್ಟರು ತಲೆಯಾಡಿಸಿದರು. ಪೂರ್ತಿ ವಾಸಿಯಾಗುವುದಿಲ್ಲ, ಆದರೆ ದಿನಾ ಬೆಳಗ್ಗೆ ತಲೆ ತಗ್ಗಿಸಿ ಮಲಗಿ ಬೆನ್ನು ತಟ್ಟಿಸಿಕೊಂಡು ಕಫ ತೆಗೆಯಬೇಕು ಎಂದರು. "ಇಬ್ಬರೂ ಒಬ್ಬರಿಗೊಬ್ಬರು ತಟ್ಟಿಕೊಳ್ಳಿ!" ಎಂದು ನಕ್ಕು, ಸ್ಕೂಲಿಗೊಂದು ಚೀಟಿ ಬರೆದುಕೊಟ್ಟರು.

ದಾರಿಯಲ್ಲಿ ಅತ್ತೆ, "ಅಂಟೋದಲ್ವಂತೆ," ಎಂದಳು. ಸ್ವಲ್ಪ ದೂರ ಹೋಗಿ ಮತ್ತೆ ಅದನ್ನೇ ಅಂದಳು. ಆ ಸಲ ಗೋದಾಳಿಗಲ್ಲ.

ಮನೆಯಲ್ಲಿ ಅಮ್ಮ ಚೀಟಿಯನ್ನು ಎರಡು ಸಲ ಓದಿದಳು. ಗೋದಾಳ ಲೋಟವನ್ನು ಸೆರಗಿನಲ್ಲಿ ಒರೆಸಿ ಅಡುಗೆಮನೆಯ ಗೂಡಿನಲ್ಲಿಟ್ಟಳು. ಇನ್ನೊಂದು ಕಿಟಕಿಯಲ್ಲೇ ಉಳಿಯಿತು. ಅಲ್ಲಿರುವುದು ಎಲ್ಲರಿಗೂ ಅಭ್ಯಾಸವಾಗಿಹೋಗಿತ್ತು.

ಗೋದಾ ಅದನ್ನು ತೆಗೆದುಕೊಂಡು, ಹೂಜಿಯಿಂದ ನೀರು ಬಗ್ಗಿಸಿ, ಗಟಗಟ ಕುಡಿದಳು.

"ಅಯ್ಯೋ, ಅದು ನನ್ನ ಲೋಟ ಕಣೇ!"

"ಗೊತ್ತು ಅತ್ತೆ."

ತೊಳೆದು ಗೂಡಿನಲ್ಲಿ ತನ್ನ ಲೋಟದ ಪಕ್ಕಕ್ಕೇ ಇಟ್ಟಳು.

ಸಂಜೆ ಅತ್ತೆಯ ಕೈ ತಾನಾಗಿಯೇ ಕಿಟಕಿಯತ್ತ ಹೋಗಿ ನಿಂತಿತು. ಅಲ್ಲಿ ಎರಡು ದುಂಡನೆಯ ಗುರುತುಗಳಿದ್ದವು. ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವಂಥದ್ದು. ಇನ್ನೊಂದು ಕಲ್ಲಿಗೇ ಇಳಿದಿತ್ತು.

ಗೋದಾ ಅದರ ಸುತ್ತ ಬೆರಳಾಡಿಸಿದಳು. ತನ್ನ ಲೋಟ ಅಲ್ಲಿದ್ದದ್ದು ಬರೀ ಒಂಬತ್ತು ದಿನ.