ಇನ್ನೂ ಒಂಚೂರು ಖಾರ

"ಯಾರು ನೀವು? ನನ್ನ ತಾಯಿ ಎಲ್ಲಿ?"

ಬೆನ್ನ ಹಿಂದೆ ಗುಡುಗಿದ ದನಿಗೆ ಹರಿಣಿಯ ಕೈಯಲ್ಲಿದ್ದ ಇಕ್ಕಳ ಜಾರಿ ಸ್ಟವ್ ಮೇಲೆ ಬಿತ್ತು. ತಿರುಗಿ ನೋಡಿದಳು. ಅಡುಗೆಮನೆಯ ಬಾಗಿಲು ತುಂಬಿಕೊಂಡು ನಿಂತ ಎತ್ತರದ ಆಳು. ಹೆಗಲ ಮೇಲೆ ಫೌಜಿನವರ ಹಸಿರು ಚೀಲ. ಬಾಣಲೆಯ ಘಾಟಿಗೆ ಅವನ ಕಣ್ಣು ಆಗಲೇ ಕೆಂಪಗಾಗಿತ್ತು.

ಅವನಿಗೆ ಕಂಡದ್ದಾದರೂ ಏನು? ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಂಡು, ಮೀನಿನ ತುಂಡಿಗೆ ಇಂಜೆಕ್ಷನ್ ಕೊಡುವವಳಂತೆ ಥರ್ಮಾಮೀಟರ್ ಚುಚ್ಚಿ ನಿಂತ ಅಪರಿಚಿತ ಹುಡುಗಿ!

"ಮೊದಲು ಶೂ ಹೊರಗೆ ಬಿಡಿ," ಎಂದಳು ಹರಿಣಿ. "ಒಳಗೆ ಪೇಷೆಂಟ್ ಇದ್ದಾರೆ."

"ಇದು ನನ್ನ ಮನೆ!"

"ಮನೆ ನಿಮ್ಮದೇ ಇರಬಹುದು. ಧೂಳು ದಿಲ್ಲಿಯದು."

ಒಳಕೋಣೆಯಿಂದ ಸಣ್ಣ ನಗು ಕೇಳಿಸಿತು. "ಮಾಚೂ, ಬಂದ್ಯಾ? ಅವಳ ಹತ್ರ ಜಗಳ ಆಡಬೇಡ ಮಗಾ. ಈ ಮನೇಲಿ ಈಗ ಅವಳೇ ಕರ್ನಲ್!"

ಮೇಜರ್ ಮಾಚಯ್ಯ ಶೂ ಬಿಚ್ಚಿದ. ಒಳಗೆ ಹೋದವನು ಮಂಚದ ಮೇಲಿದ್ದ ತಾಯಿಯನ್ನು ನೋಡಿ ಅಲ್ಲೇ ನಿಂತುಬಿಟ್ಟ. ಫೋನಿನಲ್ಲಿ "ಚೆನ್ನಾಗಿದ್ದೀನಿ, ಚೆನ್ನಾಗಿ ತಿಂತಿದ್ದೀನಿ" ಎನ್ನುತ್ತಿದ್ದ ಅವ್ವ ಅರ್ಧದಷ್ಟಾಗಿದ್ದಳು. ತಲೆಗೆ ಕಟ್ಟಿದ ಹತ್ತಿಯ ಬಟ್ಟೆಯ ಕೆಳಗೆ ಒಂದು ಕೂದಲೂ ಇರಲಿಲ್ಲ.

ಹರಿಣಿ ಬಾಗಿಲ ಸಂದಿಯಿಂದ ಅವನ ಮುಖ ನೋಡಿದಳು. ಬಯ್ದಿದ್ದಕ್ಕೆ ಪಶ್ಚಾತ್ತಾಪವಾಯಿತು. 'ಪಾಪ... ಗೊತ್ತಿರಲಿಲ್ಲ ಇವರಿಗೆ.'

ಹರಿಣಿಯ ಮನೆ ಅದೇ ಮೆಟ್ಟಿಲಿನ ಎದುರು ಫ್ಲಾಟ್. ತಂದೆ ಶಂಕರಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಿಂದ ನಿವೃತ್ತರಾಗಿ ದಿಲ್ಲಿಯ ರೋಹಿಣಿ ಬಡಾವಣೆಯಲ್ಲೇ ಉಳಿದವರು. ಲಿಂಗಾಯತರ ಮನೆ, ಮೊಟ್ಟೆಯನ್ನೂ ಒಳಗೆ ತಂದವರಲ್ಲ. ಆ ಮನೆಯ ಹುಡುಗಿ ಎದುರು ಮನೆಯಲ್ಲಿ ನಿಂತು ಸಾಲ್ಮನ್ ಬೇಯಿಸುತ್ತಿದ್ದಳು!

ಕಾರಣವಿತ್ತು. ಹರಿಣಿ ಪೌಷ್ಟಿಕಾಂಶ ವಿಜ್ಞಾನ ಓದಿ ಕ್ಲಿನಿಕ್ ಒಂದರಲ್ಲಿ ಡಯೆಟಿಷಿಯನ್ ಆಗಿದ್ದವಳು. ಮಾಚಯ್ಯನ ತಾಯಿ ಗಂಗಮ್ಮನ ಕೀಮೋ ಶುರುವಾದಾಗ ಬಾಯಲ್ಲಿ ಹುಣ್ಣಾಗಲಿಲ್ಲ, ಆದರೆ ಊಟವೆಲ್ಲ ಬೂದಿಯಂತಾಯಿತು. ಬೇಳೆ ಬೂದಿ, ಅನ್ನ ಬೂದಿ, ಹಾಲು ತಗಡು. ಹೀಗೇ ಬಿಟ್ಟರೆ ದೇಹ ಔಷಧಿಯನ್ನೇ ತಡೆದುಕೊಳ್ಳುವುದಿಲ್ಲ ಎಂದು ಹರಿಣಿಗೆ ಗೊತ್ತಿತ್ತು. ಸಿಹಿ, ಹುಳಿ, ಖಾರ ಕೂಡಿದರೆ ಆ ಬೂದಿಯನ್ನು ಮರೆಸಬಹುದು. ಮುಳ್ಳಿಲ್ಲದ, ಮೆತ್ತಗಿನ, ಶಕ್ತಿ ತುಂಬಿದ ಮೀನು ಬೇಕು.

"ಜೇನು, ನಮ್ಮ ಕೊಡಗಿನ ಕಾಚಂಪುಳಿ, ಸೂಜಿಮೆಣಸಿನ ಪುಡಿ... ಮೂರನ್ನೂ ಕಲಸಿ ಮೀನಿಗೆ ಸವರಿದರೆ?" ಎಂದಿದ್ದರು ಗಂಗಮ್ಮ. ಎಷ್ಟೋ ದಿನಗಳ ನಂತರ ಅವರ ಕಣ್ಣಲ್ಲಿ ಹಸಿವು ಕಂಡಿತ್ತು.

ಅಂದಿನಿಂದ ಕೆಲಸ ಹಂಚಿಕೆಯಾಯಿತು. ಪಾಕ ಗಂಗಮ್ಮನದು. ಹಾಸಿಗೆಯಲ್ಲೇ ಕೂತು, ಒಂದು ಪಿಂಗಾಣಿ ಬಟ್ಟಲಿನಲ್ಲಿ ಜೇನಿಗೆ ಆ ಕಪ್ಪು ಹುಳಿಯನ್ನು ಬೆರೆಸಿ, ಉಪ್ಪು, ಮೆಣಸು ಉದುರಿಸಿ ಕಲಸುವರು. ಮೀನು ಹರಿಣಿಯದು. ತುಂಡನ್ನು ಒತ್ತಿ ಒರೆಸಿ, ಚರ್ಮದ ಕಡೆ ಕೆಳಗಾಗಿ ಬಾಣಲೆಗಿಟ್ಟು, ಮುಕ್ಕಾಲು ಬೆಂದ ಮೇಲೆ ಪಾಕ ಸವರುವಳು. ಮೊದಲೇ ಸವರಿದರೆ ಜೇನು ಸುಟ್ಟು ಕಹಿಯಾಗುತ್ತದೆ. ಒಳಗೆ ಹಸಿ ಉಳಿದರೆ ರೋಗಿಗೆ ಅಪಾಯ. ಅದಕ್ಕೇ ಆ ಥರ್ಮಾಮೀಟರ್.

"ಪಾಕ ಹೇಗಿದೆ ನೋಡ್ಲಾ ಆಂಟಿ?" ಎಂದು ಹರಿಣಿ ಒಮ್ಮೆ ಬೆರಳು ಚಾಚಿದ್ದಳು.

ಗಂಗಮ್ಮ ಬಟ್ಟಲು ಹಿಂದಕ್ಕೆಳೆದುಕೊಂಡಿದ್ದರು. "ಬೇಡ! ಇದು ಮೀನಿನ ಬಟ್ಟಲು. ನಿನ್ನ ಅಪ್ಪ ನನ್ನ ನಂಬಿ ನಿನ್ನ ಕಳಿಸಿದ್ದಾರೆ. ನಿನ್ನ ಬಾಯಿ ಕೆಡಿಸಿದ ಪಾಪ ನನಗ್ಯಾಕೆ?"

ರುಚಿ ನೋಡುವುದು, ತಟ್ಟೆ ಖಾಲಿಯಾದಾಗ "ಶಾಭಾಸ್ ಮಗಳೇ" ಎನ್ನುವುದು, ಎಲ್ಲ ಗಂಗಮ್ಮನದೇ. ಆ ಖಾಲಿ ತಟ್ಟೆಯೇ ಹರಿಣಿಯ ಹೆಮ್ಮೆ.

ಮಾಚಯ್ಯನ ರಜೆಯ ದಿನಗಳಲ್ಲಿ ಮೀನು ತರುವ ಕೆಲಸ ಇಬ್ಬರದಾಯಿತು. ಹಳದಿ ಲೈನ್ ಮೆಟ್ರೋ ಹಿಡಿದು ಐಎನ್ಎ ಮಾರ್ಕೆಟ್‌ಗೆ ಹೋಗುವರು.

"ಭಯ್ಯಾ, ತಾಜಾ ಹೈ ನಾ?" ಎಂದು ಮೂಗು ಮುಚ್ಚಿಕೊಂಡೇ ಕೇಳುವ ಹರಿಣಿಯನ್ನು ಕಂಡು ಮೀನಿನವನೂ ನಗುತ್ತಿದ್ದ.

"ಮೀನು ಕೊಳ್ಳೋವಾಗ ಮೂಗು ಮುಚ್ಚಿಕೊಳ್ಳೋರನ್ನ ಇವತ್ತೇ ನೋಡಿದ್ದು," ಎಂದ ಮಾಚಯ್ಯ.

"ಮೂಗು ಮುಚ್ಚಿಕೊಂಡೇ ನಿಮಗಿಂತ ಚೆನ್ನಾಗಿ ಆರಿಸ್ತೀನಿ, ಮೇಜರ್ ಸಾಹೇಬ್. ಬೆರಳಲ್ಲಿ ಒತ್ತಿದರೆ ಮತ್ತೆ ಉಬ್ಬಬೇಕು. ನೀವು ತೋರಿಸಿದ್ದು ಉಬ್ಬಲಿಲ್ಲ."

"ಅಚ್ಛಾ! ನಾನೂ ಹಾಗೇ. ಎಷ್ಟು ಒತ್ತಿದರೂ ಮತ್ತೆ ಎದ್ದು ನಿಲ್ತೀನಿ."

ಅವಳು ಜೋರಾಗಿ ನಕ್ಕಳು. ಅವನು ನಗಲಿಲ್ಲ, ಅವಳು ನಗುವುದನ್ನು ನೋಡುತ್ತಿದ್ದ. ಆ ನೋಟಕ್ಕೆ ಹರಿಣಿ ಮತ್ತೆ ಮೀನಿನ ಕಡೆ ತಿರುಗಿಕೊಂಡಳು.

ಅವತ್ತು ಅವಳು ಎರಡು ತುಂಡು ಕೊಂಡಳು. ಅಲ್ಲಿಯವರೆಗೆ ಒಂದೇ ತರುತ್ತಿದ್ದರು, ಅವ್ವನಿಗೆ ಮಾತ್ರ.

"ಎರಡನೆಯದು?"

"ನಿಮಗೆ," ಎಂದಳು, ಅವನ ಮುಖ ನೋಡದೆ.

ಜೀವಮಾನದಲ್ಲಿ ಯಾವ ಗಂಡಿಗೂ ಅವಳು ಹಾಗೆ ಅಡುಗೆ ಮಾಡಿರಲಿಲ್ಲ. ಪಾಕ ಸವರುವಾಗ ಘಾಟಿಗೆ ಕೆಮ್ಮು ಬಂತು. ಕೊಡಗಿನವರ ಖಾರವೇ ಹೀಗೆ ಎಂದುಕೊಂಡಳು. ಮೀನಿನ ಮೇಲೆ ಪಾಕ ಕೆಂಪಗೆ, ಕನ್ನಡಿಯ ಹಾಗೆ ಹೊಳೆಯಿತು.

ತಾಯಿ ಮಗ ಇಬ್ಬರ ಮುಂದೆಯೂ ತಟ್ಟೆ ಇಟ್ಟು, ದುಪಟ್ಟಾದ ತುದಿ ಹಿಂಡಿಕೊಂಡು ನಿಂತಳು.

ಮಾಚಯ್ಯ ಒಂದು ತುತ್ತು ಬಾಯಿಗಿಟ್ಟ. ಅಗಿದ. ನಿಂತ. ಮುಖ ರಕ್ತದಂತೆ ಕೆಂಪಾಯಿತು. ಅವನು ತಲೆಯೆತ್ತಿ ತಾಯಿಯನ್ನು ನೋಡಿದ.

ಗಂಗಮ್ಮ ನೆಮ್ಮದಿಯಾಗಿ ತಿನ್ನುತ್ತಿದ್ದರು. "ಇವತ್ತು ಚೆನ್ನಾಗಿದೆ. ಇನ್ನೂ ಒಂಚೂರು ಖಾರ ಇರಬಹುದಿತ್ತು... ಅಲ್ವಾ ಮಾಚು?"

ಅವನು ತಟ್ಟೆಯನ್ನು ದೂರ ತಳ್ಳಿ ಎದ್ದು ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡ.

ಹರಿಣಿ ಹಿಂದೆಯೇ ಹೋದಳು. "ಏನಾಯ್ತು? ಸರಿ ಬೆಂದಿಲ್ವಾ?"

ಬೆನ್ನು ತಿರುಗಿಸಿ ನಿಂತಿದ್ದ ಅವನ ದನಿ ಒರಟಾಗಿತ್ತು. "ಅದು ಮನುಷ್ಯರು ತಿನ್ನೋ ಹಾಗಿಲ್ಲ... ದಯವಿಟ್ಟು, ಈಗ ಹೋಗಿ."

ಅಷ್ಟೇ!

ತನ್ನ ಮನೆಯ ಬಾಗಿಲು ಮುಚ್ಚಿಕೊಂಡ ಮೇಲೆ ಅವಳಿಗೆ ಅಳು ಉಕ್ಕಿ ಬಂತು. ಹುಟ್ಟಿದಾಗಿನಿಂದ ಮುಟ್ಟದ್ದನ್ನು ಅವರಿಗಾಗಿ ಮುಟ್ಟಿದ್ದಳು. ವಾಸನೆಗೆ ವಾಕರಿಕೆ ಬಂದರೂ ಒಂದು ದಿನ ಹೇಳಿಕೊಂಡಿರಲಿಲ್ಲ. 'ಬೇಳೆ ಸಾರಿನ ಹುಡುಗಿಗೆ ಮೀನಿನ ಉಸಾಬರಿ ಯಾಕೆ ಅಂತ ತಾನೇ? ಸರಿ. ಇನ್ನು ಆ ಹೊಸ್ತಿಲು ತುಳಿಯಲ್ಲ!'

ಮರುದಿನ ಗಂಗಮ್ಮ ಫೋನ್ ಮಾಡಿದರು. "ಯಾಕೆ ಮಗಳೇ ಬರಲಿಲ್ಲ?"

"ಕ್ಲಿನಿಕ್‌ನಲ್ಲಿ ತುಂಬಾ ಕೆಲಸ ಆಂಟಿ. ಎರಡು ದಿನ ಬಿಟ್ಟು ಬರ್ತೀನಿ."

ಎರಡು ದಿನ ನಾಲ್ಕಾಯಿತು, ವಾರವಾಯಿತು. ಬರೀ ಆರು ಹೆಜ್ಜೆ ದೂರದ ಬಾಗಿಲು. ಕದ ತೆರೆದ ಸದ್ದಾದರೆ ಸಾಕು, ಅವಳು ಒಳಗೇ ಉಸಿರು ಬಿಗಿಹಿಡಿದು ನಿಲ್ಲುವಳು. 'ಅವರೇ ಬಂದು ಕರೆಯಲಿ.' ಅವನು ಬರಲಿಲ್ಲ.

ಒಂದು ಬೆಳಿಗ್ಗೆ ಕೆಳಗೆ ಆಂಬುಲೆನ್ಸ್ ನಿಂತಿತ್ತು. ಕಾಯಿಲೆ ಶ್ವಾಸಕೋಶಕ್ಕೆ ಹಬ್ಬಿತ್ತು. ಅಪ್ಪ ಫೋನ್ ಮಾಡಿ ಹೇಳಿದ ಮೇಲೆ ಹರಿಣಿ ಕ್ಲಿನಿಕ್‌ನಿಂದ ಆಟೋ ಹಿಡಿದು ಆಸ್ಪತ್ರೆ ತಲುಪುವಷ್ಟರಲ್ಲಿ ಗಂಗಮ್ಮನ ಮುಖಕ್ಕೆ ಬಿಳಿ ಬಟ್ಟೆ ಮುಚ್ಚಿದ್ದರು.

ಕಾರಿಡಾರಿನ ಬೆಂಚಿನ ಮೇಲೆ ಮಾಚಯ್ಯ ಕೂತಿದ್ದ. ಒಮ್ಮೆ ತಲೆಯೆತ್ತಿ ನೋಡಿದ. ಏನೂ ಹೇಳಲಿಲ್ಲ. ಸಂಜೆಯ ವಿಮಾನದಲ್ಲಿ ತಾಯಿಯನ್ನು ಕೊಡಗಿಗೆ ಕೊಂಡೊಯ್ದ.

ಹರಿಣಿಯ ಪಾಲಿಗೆ ಆ ಮೌನವೇ ತೀರ್ಪಾಯಿತು. 'ನಾನು ಅವರನ್ನ ಬಿಟ್ಟುಬಿಟ್ಟೆ... ಕೊನೆಗಾಲದಲ್ಲಿ!' ರೋಗಿಗಳಿಗೆ ಪಥ್ಯ ಹೇಳುವಾಗ ಮಾತು ನಿಂತುಹೋಗುತ್ತಿತ್ತು.

ಚಳಿ ಶುರುವಾಗುವ ಹೊತ್ತಿಗೆ, ಊರಿನಲ್ಲಿ ಮಾದ, ಅಂದರೆ ಸೂತಕ ಕಳೆಯುವ ಕಾರ್ಯ ಮುಗಿಸಿಕೊಂಡು ಅವನು ಫ್ಲಾಟ್ ಖಾಲಿ ಮಾಡಲು ಬಂದ. ಮರುದಿನವೇ ಹೊರಡುವುದು, ಈಶಾನ್ಯದ ಗಡಿಗೆ.

"ಹೋಗಿ ಮಾತಾಡಿಸಿಕೊಂಡು ಬಾ ಮಗಳೇ," ಎಂದರು ಶಂಕರಪ್ಪ, ಪೇಪರಿನಿಂದ ತಲೆಯೆತ್ತದೆ.

"ಯಾವ ಮುಖ ಇಟ್ಕೊಂಡು ಹೋಗಲಿ ಅಪ್ಪಾ?"

"ಇರೋದೊಂದೇ ಮುಖ. ಅದನ್ನೇ ತೊಳಕೊಂಡು ಹೋಗು. ನಾಳೆ ಅವನು ಹೊರಟ ಮೇಲೆ ಬೀಗಕ್ಕೆ ಹೇಳ್ತೀಯಾ ನಿನ್ನ ಮಾತು?"

ಬಾಗಿಲು ತೆರೆದೇ ಇತ್ತು. ಹಾಲ್ ತುಂಬ ಕಟ್ಟಿಟ್ಟ ಪೆಟ್ಟಿಗೆಗಳು. ಅಡುಗೆಮನೆಯಿಂದ ಅದೇ ಘಾಟು!

ಮಾಚಯ್ಯ ಕಟ್ಟೆಯ ಮುಂದೆ ನಿಂತು ಪಾಕ ಕಲಸುತ್ತಿದ್ದ. ಪಕ್ಕದಲ್ಲಿ ಸಾಲ್ಮನ್‌ನ ಒಂದು ತುಂಡು, ಇನ್ನೂ ಹಸಿ.

"ಕ್ಷಮಿಸಿ ಅಂತ ಕೇಳೋಕೆ ಬಂದೆ," ಎಂದಳು ಒಂದೇ ಉಸಿರಿಗೆ. "ನಿಮ್ಮ ಮೇಲಿನ ಕೋಪಕ್ಕೆ ಆಂಟಿಗೆ ಶಿಕ್ಷೆ ಕೊಟ್ಟೆ. ಅವರು ಕರೆದರೂ ಬರಲಿಲ್ಲ. ನೀವು ಎಷ್ಟು ಬೇಕಾದರೂ ಬಯ್ಯಿರಿ..."

ಅವನು ಚಮಚ ಕೆಳಗಿಟ್ಟ. "ಅವತ್ತಿನ ಮೀನು ಹೇಗಿತ್ತು ಗೊತ್ತಾ ಹರಿಣಿ?"

"ಹೇಳಿದಿರಲ್ಲ. ಮನುಷ್ಯರು ತಿನ್ನೋ ಹಾಗಿರಲಿಲ್ಲ ಅಂತ."

"ನೀವು ಬೇಯಿಸಿದ್ದು ಬೆಣ್ಣೆಯ ಹಾಗಿತ್ತು. ಆದರೆ ಆ ಪಾಕ... ಬೆಂಕಿ! ಸೂಜಿಮೆಣಸನ್ನ ಹಸಿಯಾಗಿ ಕಚ್ಚಿ ಬೆಳೆದವನು ನಾನು. ನನಗೇ ಉಸಿರು ಕಟ್ಟಿತು. ಹುಳಿಗೆ ಹಲ್ಲು ಜುಮ್ಮೆಂದಿತು, ಉಪ್ಪು ಕಹಿಯಾಗಿತ್ತು. ತಲೆ ಎತ್ತಿ ನೋಡಿದರೆ ಅವ್ವ ಅದನ್ನ ಮೊಸರನ್ನದ ಹಾಗೆ ತಿಂತಿದ್ದಾಳೆ! ಇನ್ನೂ ಒಂಚೂರು ಖಾರ ಬೇಕಿತ್ತು ಅಂತಾಳೆ!"

ಹರಿಣಿ ಗೋಡೆಗೆ ಒರಗಿದಳು.

ಖಾರ ನಾಲಿಗೆಯ ರುಚಿಯಲ್ಲ, ಉರಿ. ರುಚಿಯೆಲ್ಲ ಸತ್ತ ಮೇಲೂ ಉರಿ ಕಡೆಯವರೆಗೆ ಉಳಿಯುತ್ತದೆ. ಕಾಲೇಜಿನಲ್ಲಿ ಓದಿದ್ದ ಮಾತು. ವಾರ ವಾರಕ್ಕೆ ಗಂಗಮ್ಮನ ನಾಲಿಗೆ ಮಸುಕಾದಂತೆ ಬಟ್ಟಲಿಗೆ ಬೀಳುವ ಮೆಣಸು ಹೆಚ್ಚುತ್ತಾ ಹೋಗಿತ್ತು. ಬೇಯಿಸಿದವಳು ರುಚಿ ನೋಡುವಂತಿರಲಿಲ್ಲ. ಕಲಸಿದವರಿಗೆ ರುಚಿ ಗೊತ್ತಾಗುತ್ತಿರಲಿಲ್ಲ.

"ಅಯ್ಯೋ... ನನಗೆ ತಿಳಿಯಬೇಕಿತ್ತು. ನನಗೆ!"

"ನನಗೂ ಅಲ್ಲಿವರೆಗೆ ತಿಳಿದಿರಲಿಲ್ಲ. ಡಾಕ್ಟರ್ ಏನೇನೋ ರಿಪೋರ್ಟ್ ತೋರಿಸಿದ್ದರು. ಆದರೆ ಅವ್ವ ಎಷ್ಟು ದೂರ ಹೋಗಿಬಿಟ್ಟಿದ್ದಾಳೆ ಅಂತ ಆ ಒಂದು ತುತ್ತು ಹೇಳಿತು." ಅವನು ಸ್ಟವ್ ಕಡೆ ತಿರುಗಿಕೊಂಡ. "ಅಳು ಬಂತು. ಅವಳೆದುರು ಅಳಬಾರದಿತ್ತು. ಅದಕ್ಕೆ ಎದ್ದು ಹೋದೆ."

"ಹೇಳಬಹುದಿತ್ತಲ್ಲಾ ಮಾಚಯ್ಯ... ಮರುದಿನವಾದರೂ?"

"ಹೇಳಿದ್ದರೆ ನೀವು ಖಾರ ಕಡಿಮೆ ಮಾಡಿಸ್ತಿದ್ದಿರಿ. ಅವಳಿಗೆ ಉಳಿದಿದ್ದು ಅದೊಂದೇ. ಒಂದೊಂದು ಸಂಜೆ ನಿಮ್ಮ ಬಾಗಿಲವರೆಗೆ ಬಂದೆ. ಬೆಲ್ ಒತ್ತಿದರೆ ಏನು ಹೇಳಬೇಕು ಅಂತ ತಿಳಿಯದೆ ವಾಪಸ್ ಹೋದೆ. ಅವ್ವನ ಕೊನೆಯ ಮೀನು ನಾನೇ ಬೇಯಿಸಿದೆ. ಹೊರಗೆ ಕರಿ, ಒಳಗೆ ಹಸಿ. ಒಂದು ತುತ್ತು ತಿಂದು 'ಹರಿಣಿಯನ್ನ ಕರ್ಕೊಂಡು ಬಾ' ಅಂದಳು. ನಾಳೆ ಅಂದೆ... ಅವಳಿಂದ ನಿಮ್ಮನ್ನ ದೂರ ಮಾಡಿದವನು ನಾನು. ಆಸ್ಪತ್ರೆಯಲ್ಲಿ ನಿಮ್ಮ ಮುಖ ನೋಡೋಕೂ ನಾಚಿಕೆಯಾಯ್ತು."

ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತ ಕೂತಿದ್ದಾಗ, ಇಬ್ಬರನ್ನೂ ಕ್ಷಮಿಸಬೇಕಾಗಿದ್ದ ಗಂಗಮ್ಮ ಕಾಯುತ್ತಲೇ ಹೋಗಿಬಿಟ್ಟಿದ್ದರು. ಆ ನಷ್ಟ ತುಂಬುವಂಥದ್ದಲ್ಲ. ಹರಿಣಿ ಬಿಕ್ಕಿ ಬಿಕ್ಕಿ ಅತ್ತಳು. ಅವನು ತಡೆಯಲಿಲ್ಲ.

"ಇವತ್ತು ಇದನ್ನ ಯಾಕೆ ಮಾಡ್ತಿದ್ದೀರಿ?" ಎಂದಳು ಕೊನೆಗೆ.

"ಅವತ್ತು ತಟ್ಟೆ ತಳ್ಳಿದೆನಲ್ಲ. ಒಂದು ಸಲ ಪೂರ್ತಿ ತಿನ್ನಬೇಕು, ಅವಳು ತಿಂದ ಹಾಗೆ. ಅಷ್ಟೇ ಮೆಣಸು, ಅಷ್ಟೇ ಹುಳಿ ಹಾಕಿದ್ದೀನಿ."

"ಇನ್ನೂ ಮೀನಿಗೆ ತಾಗಿಸಿಲ್ಲ ತಾನೇ?"

ಇಲ್ಲವೆಂದು ಅವನು ತಲೆಯಾಡಿಸಿದ. ಹರಿಣಿ ಒಂದು ಚಮಚ ತೆಗೆದುಕೊಂಡು ಪಾಕದಲ್ಲಿ ಅದ್ದಿ ನಾಲಿಗೆಗಿಟ್ಟಳು.

ಮೊದಲು ಹುಳಿ. ಆಮೇಲೆ ಉರಿ, ಕಿವಿಯವರೆಗೆ, ನೆತ್ತಿಯವರೆಗೆ! ಜೇನಿನ ಸಿಹಿ ಎಲ್ಲೋ ಇರಬೇಕೆಂದು ಕಾದಳು. ಬರಲಿಲ್ಲ. ಸಿಹಿಯೇ ತಾಗದ ಈ ಜಾಗದಲ್ಲೇ ಗಂಗಮ್ಮ ಇಷ್ಟು ದಿನ ನಗುನಗುತ್ತ ಕೂತಿದ್ದರೆಂದು ಗೊತ್ತಾಯಿತು. ಕಣ್ಣು, ಮೂಗು ಸುರಿಯತೊಡಗಿತು.

ಮಾಚಯ್ಯ ಗಾಬರಿಯಿಂದ ಮೊಸರಿನ ಡಬ್ಬಿ ತೆಗೆದ. "ತಗೊಳ್ಳಿ, ಬೇಗ!"

ಅವಳು ಅವನ ಕೈ ಹಿಡಿದು ತಡೆದಳು. ಹಿಡಿದ ಕೈಯನ್ನು ಬಿಡಲಿಲ್ಲ.

"ನಾಳೆ ಹೋಗ್ತೀರಾ?"

"ಹೋಗಲೇಬೇಕು. ಆದರೆ ಹರಿಣಿ... ಮುಂದಿನ ರಜೆಗೆ ಬರೋದಕ್ಕೆ ಈ ಊರಲ್ಲಿ ನನಗೆ ಮನೆ ಇಲ್ಲ. ನೀನೊಬ್ಬಳೇ ಇದ್ದೀಯ. ನಿನ್ನ ಹತ್ರ ಬರಲಾ?"

ಅವಳು ಹೌದೆಂದು ತಲೆಯಾಡಿಸಿದಳು, ಎರಡು ಸಲ, ಮೂರು ಸಲ.

"ಮೊದಲು ಮೊಸರು ತಿನ್ನು. ಉರಿ ಕಡಿಮೆಯಾಗ್ತದೆ."

"ಬೇಡ," ಎಂದಳು ಹರಿಣಿ. "ಸ್ವಲ್ಪ ಹೊತ್ತು ಇರಲಿ."

ಅವನು ಅವಳನ್ನೇ ನೋಡಿದ. ಮೊಸರಿನ ಡಬ್ಬಿ ಪಕ್ಕಕ್ಕಿಟ್ಟು, ಅವಳ ಕೈಯಲ್ಲಿದ್ದ ಚಮಚ ತೆಗೆದುಕೊಂಡು ಪಾಕದಲ್ಲಿ ಅದ್ದಿ ತನ್ನ ಬಾಯಿಗಿಟ್ಟುಕೊಂಡ.

"ಒಬ್ಬಳೇ ಬೇಡ," ಎಂದ.